ಸೆಮಿಕೋಲನ್ನಿನ ಆಚೆ ನನ್ನ ನಂಬರು

೧೪ ಜುಲೈ, ಸೋಮವಾರ

ಉದ್ಯಾವರದ ನಮ್ಮ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಶೀತ ಕಡಿಮೆಯಾದರೆ ಅಲಾರಂ ಯಂತ್ರದಿಂದ ತಾನಾಗಿ ಫೋನ್ ಹೋಗಬೇಕಾದ ನಂಬರುಗಳ ಫೈಲನ್ನು ಇಂದು ಕಂಪ್ಯೂಟರಿನಲ್ಲಿ ತೆರೆದೆ. ಮೆಕ್ಯಾನಿಕ್ ಬ್ಯಾಪ್ಟಿಸ್ಟರ ನಂಬರು, ಸೆಮಿಕೋಲನ್, ನನ್ನ ನಂಬರು. ಮೂರು ವರ್ಷದ ಹಿಂದೆ ನಾನೇ ಬರೆದದ್ದು. ಆ ಫೈಲಿನಲ್ಲಿ ಸೆಮಿಕೋಲನ್ನಿನ ನಂತರದ್ದೆಲ್ಲ ಬರೀ ಟಿಪ್ಪಣಿಯಂತೆ, ಯಂತ್ರ ಓದುವುದೇ ಇಲ್ಲವಂತೆ!

ನನಗೆ ಫೋನೇ ಬಾರದ್ದರಿಂದ ಇಷ್ಟು ದಿನ ಅಲಾರಂ ಒಮ್ಮೆಯೂ ಬಂದಿಲ್ಲವೆಂದೇ ನಂಬಿದ್ದೆ. ಬ್ಯಾಪ್ಟಿಸ್ಟರನ್ನು ಕೇಳಿದೆ.

"ಹನ್ನೊಂದು ಸಲ ಬಂದಿದೆ ಮಾರಾಯ್ತಿ. ಎರಡು ಸಲ ಇಗರ್ಜಿಯಲ್ಲಿ ಭಾನುವಾರದ ಪೂಜೆಯ ಮಧ್ಯದಿಂದ ಎದ್ದು ಬಂದೆ."

"ನನ್ನನ್ನು ಯಾಕೆ ಕರೆಯಲಿಲ್ಲ ಸರ್?"

"ನಿನಗೂ ಫೋನ್ ಹೋಗ್ತದಲ್ವಾ? ಮನೆಯಲ್ಲಿ ಸಣ್ಣ ಮಗು ಉಂಟು, ಬರ್ಲಿಕ್ಕೆ ಆಗುದಿಲ್ಲ ಅಂತ ಎಣಿಸಿದೆ."

ಒಂದು ದಿನವೂ ಅವರು ಮುಖ ಸಿಂಡರಿಸಲಿಲ್ಲ. ಮೂರು ವರ್ಷ ನನ್ನನ್ನು ಕ್ಷಮಿಸುತ್ತಲೇ ಇದ್ದರು, ನನಗೆ ಗೊತ್ತೇ ಇಲ್ಲದೆ…