ಬೆಳಗ್ಗೆ ಒಂದು, ಸಂಜೆ ಒಂದು

ಹಳೇನಗರ, ಭದ್ರಾವತಿ
18-1-2025

ಮುದ್ದಿನ ಶೀತಲ್,

ಹೇಗಿದ್ದೀ ಮಗಳೇ? ಮೂರು ದಿನದಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೂತೇ ಇದ್ದೀಯ, ಬೆನ್ನು ನೋವು ಹೆಚ್ಚಾಗಿರಬೇಕು. ಅಳಿಯಂದಿರನ್ನು ಅಲ್ಲಿ ಕೂರಿಸಿ ಒಂದು ಗಳಿಗೆ ಮನೆಗೆ ಹೋಗಿ ಉಂಡು ಬಾ. ಚಿನ್ಮಯಿ ಈಗ ಆಕ್ಸಿಜನ್ ಮಾಸ್ಕ್ ಇಲ್ಲದೆ ಮಲಗುತ್ತಾಳೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಜೀವ ಬಂತು. ಆದರೆ ಉಬ್ಬಸಕ್ಕೆ ಉಸಿರಲ್ಲಿ ಎಳೆದುಕೊಳ್ಳುವ ಪುಡಿ ಅವಳಿಗೆ ಸಾಲುತ್ತಿಲ್ಲ, ಇವತ್ತು ಮಧ್ಯಾಹ್ನ ದೊಡ್ಡ ಡಾಕ್ಟರು ಬಂದು ಅದನ್ನು ಎರಡರಷ್ಟು ಮಾಡುತ್ತಾರೆ ಎಂದೆಯಲ್ಲ, ಆಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಮೊಮ್ಮಗಳು ನನ್ನ ಜೊತೆಗಿದ್ದು ಶಾಲೆಗೆ ಹೋದ ಈ ಏಳು ತಿಂಗಳು ಮನೆ ತುಂಬಿತ್ತು. ಈಗ ಖಾಲಿ ಮನೆಯಲ್ಲಿ ಅವಳ ಎದೆಯ ಸಿಳ್ಳೆ ಕೇಳುತ್ತದೆ. ಕುಕ್ಕರ್ ಇರಬೇಕೆಂದು ಹೋಗಿ ನೋಡುತ್ತೇನೆ, ಒಲೆ ಆರಿರುತ್ತದೆ. ಪೂಜೆಗೆ ಕೂತರೆ ಕಣ್ಣೆದುರು ನಿಮ್ಮಪ್ಪಾಜಿ ಬರುತ್ತಾರೆ. ಫೋಟೋದಲ್ಲಿರುವ ಮುಖವಲ್ಲ, ಕೊನೆಯ ವರ್ಷದ್ದು. ಉಬ್ಬಸಕ್ಕೆಂದು ಯಾರೋ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ಊದಿಕೊಂಡ ಮುಖ. ನನಗೇ ಗುರುತು ಸಿಗುತ್ತಿರಲಿಲ್ಲ. ಜೂನ್‌ನಲ್ಲಿ ಚಿನ್ಮಯಿಗೆ ಚೀಟಿ ಬರೆಯುತ್ತ ಡಾಕ್ಟರು ಅದೇ ಸ್ಟಿರಾಯ್ಡ್ ಹೆಸರು ಹೇಳಿದರು. "ಇದು ನುಂಗೋದಲ್ಲ ಅಮ್ಮಾ, ಉಸಿರಲ್ಲಿ ಎಳ್ಕೊಳ್ಳೋದು. ತುಂಬಾ ಕಡಿಮೆ ಪ್ರಮಾಣ. ಮಗು ಚೆನ್ನಾಗಿದ್ರೂ ತಪ್ಪಿಸ್ಬೇಡಿ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಮ್ಮಮ್ಮನನ್ನು ಮೀರಿಸುವವರಿಲ್ಲ ಎಂದು ನೀನು ನಗುತ್ತಿದ್ದೆ. ನಕ್ಕಿದ್ದು ಸರಿಯೇ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪೊಟ್ಟಣದಲ್ಲಿ ವಿಭೂತಿ ಇಟ್ಟಿದ್ದೇನೆ, ಮಗುವಿನ ಹಣೆಗೆ ಹಚ್ಚು. ಗುರುಬಸವ ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅಮ್ಮ,
ಬಸವರಾಜೇಶ್ವರಿ

ವಿ.ಸೂ.: ಪಕ್ಕದ ಮನೆಯ ಶಶಿಧರ್ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಈ ಪತ್ರ ಅವನ ಕೈಯಲ್ಲೇ ಬರುತ್ತದೆ. ಫೋನಿನಲ್ಲಿ ಹೇಳಲು ಎರಡು ಸಲ ಹೋದೆ, ನಾಲಿಗೆ ಏಳಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಕ್ಯಾಪ್ಸೂಲ್ ಎಂದು ಚೀಟಿಯಲ್ಲಿತ್ತು. ನಾನು ಪ್ರತಿಯೊಂದನ್ನೂ ಬಿಚ್ಚಿ, ಪುಡಿಯನ್ನು ಕಾಗದದ ಮೇಲೆ ಎರಡು ಪಾಲು ಮಾಡಿ, ಒಂದನ್ನೇ ಮತ್ತೆ ಕ್ಯಾಪ್ಸೂಲಿಗೆ ತುಂಬಿ, ಇನ್ನೊಂದು ಪಾಲನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆ. ಮಗುವಿನ ಮುಖ ಊದಬಾರದು ಎಂದು. ಔಷಧಿ ಸಾಲದೇ ಹೋದದ್ದಲ್ಲ ಶೀತಲ್, ಅವಳಿಗೆ ಪೂರ್ತಿ ಔಷಧಿ ಒಂದು ದಿನವೂ ಸಿಕ್ಕಿಲ್ಲ. ಡಾಕ್ಟರು ಹೆಚ್ಚು ಬರೆಯುವ ಮೊದಲು ಹೇಳು, ನನ್ನ ಹೆಸರು ಹಿಡಿದೇ ಹೇಳು. "ಅಮ್ಮಂಗೆ ಹೇಳ್ಬೇಡ ಪುಟ್ಟಿ" ಎಂದು ಅವಳ ಕೊರಳಿನ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದೆ. ಉಸಿರು ಸಿಗದೆ ಒದ್ದಾಡುವಾಗಲೂ, ಡಾಕ್ಟರು ಕೇಳಿದ್ದಕ್ಕೆ "ಪೂರ್ತಿ ತಗೊಂಡಿದ್ದೀನಿ" ಅಂದಳಂತಲ್ಲ. ಅಜ್ಜಿ ಆ ಆಣೆಯಿಂದ ಬಿಡಿಸಿದ್ದಾಳೆ ಎಂದು ಅವಳಿಗೆ ಹೇಳು.