ಮಿಠಾಯಿಮಂಪರು

ಭಾವನವರಿಗೆ,

ನಿಮ್ಮ ತಮ್ಮ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಾರೆ. ನಾಳೆ ನೋಡಲು ಬರುವುದಾದರೆ ಬರಿಗೈಯಲ್ಲಿ ಬನ್ನಿ. ನಿಮ್ಮ ಅಂಗಡಿಯ ಮಿಠಾಯಿ ಡಬ್ಬಿ ವಾರ್ಡಿನ ಬಾಗಿಲು ದಾಟಿದರೆ ನಾನೇ ಕಸದ ಬುಟ್ಟಿಗೆ ಹಾಕುತ್ತೇನೆ.

ಡಬ್ಬಿಯ ಜೊತೆ ತರುವ ಹೊಸ ಪದಗಳೂ ಬೇಡ. ಸಕ್ಕರೆ ಕಾಯಿಲೆಯ ತಮ್ಮನಿಗೆ ಪ್ರತಿ ಭಾನುವಾರ ಡಬ್ಬಿ ತಂದಿರಿ. ಅವರು ಅದನ್ನು ಬಳಿದು ತಿಂದರೆ "ಸಕ್ಕರೆಸನ್ನಿ", ತಿಂದು ತೂಕಡಿಸಿದರೆ "ಮಿಠಾಯಿಮಂಪರು" ಎಂದು ಹೆಸರಿಟ್ಟಿರಿ. ನಾನು ತಡೆದರೆ, "ಅಯ್ಯೋ ಬಿಡಮ್ಮ, ನಗ್ತಾ ತಿಂದ್ರೆ ಯಾವ ಕಾಯಿಲೇನೂ ಹತ್ರ ಬರಲ್ಲ" ಅಂದಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮೊನ್ನೆ ಮಧ್ಯಾಹ್ನ ಅವರು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಒರಗಿದ್ದರು. ಬಟ್ಟೆಗೆ ಬಂದ ಗಿರಾಕಿಗೆ, "ಏನಿಲ್ಲ, ಮಿಠಾಯಿಮಂಪರು, ಮಲಗ್ಲಿ ಬಿಡಿ" ಎಂದು ನಕ್ಕು ಕಳಿಸಿದೆ. ಎರಡು ಗಂಟೆ ಕಳೆದ ಮೇಲೆ ಎಬ್ಬಿಸಿದರೆ ಏಳಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಎಚ್ಚರವಾದ ಕೂಡಲೇ ನಿಮ್ಮ ತಮ್ಮ, "ಅಣ್ಣ ಬಂದ್ನಾ? ಇದಕ್ಕೇನು ಹೆಸರಿಟ್ಟ?" ಎಂದು ಕೇಳಿದರು. ಬಂದು ಅವರೆದುರು ಕೂತು, ಇದರ ನಿಜವಾದ ಹೆಸರು ನೀವೇ ಹೇಳಿ. ನಗಬೇಡಿ. ಮೊನ್ನೆ ನಾನು ನಕ್ಕಿದ್ದೇ ಸಾಕು.

ಇಂತಿ,
ನಿಮ್ಮ ತಮ್ಮನ ಹೆಂಡತಿ