ಕಲ್ಲಿನಲ್ಲಿ ಒಂದು ಪದ ಬಿಟ್ಟವರಿಗೆ

ಕಲ್ಲಗೋನಾಳ,
ಬೆಳಕೆಣಿಕೆ ನಾನೂರ ಹನ್ನೆರಡು, ಹದಿಮೂರನೇ ತಿಂಗಳ ಮೂವತ್ತೇಳನೇ ದಿನ

ಪಾರಂಪರಿಕ ತಾಣಗಳಿಗೆ ಅನುದಾನ ಮಂಜೂರು ಮಾಡುವ ಹಿರಿಯರಿಗೆ, ಊರ ಬಾಯಿ ನೀಲವ್ವನ ನಮಸ್ಕಾರಗಳು.

ನಿಮ್ಮ ಕಾಲ ಕಳೆದು ಎಷ್ಟೋ ತಲೆಮಾರುಗಳ ಮೇಲೆ ಬರೆಯುತ್ತಿದ್ದೇನೆ, ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಮಾತೂ ವಿಚಿತ್ರ ಎನಿಸೀತು, ಮನ್ನಿಸಿ. ನಿಮ್ಮ ಬರಹದ ಕನ್ನಡವನ್ನು ನಾನು ಕಲಿತದ್ದು ಒಂದೇ ಒಂದು ಕಲ್ಲಿನಿಂದ. ಊರ ಬಾಯಿ ಎಂದರೆ ಊರಿನ ಪರವಾಗಿ ಮಾತು ಕೊಡುವವಳು. ಆಮೇಲೆ ಬೈಸಿಕೊಳ್ಳುವವಳೂ ಅವಳೇ.

ಆ ಕಲ್ಲು ನೀವು ನೆಡಿಸಿದ್ದು. ಕಪ್ಪಗೆ, ನುಣ್ಣಗೆ, ಆಳೆತ್ತರ ಇದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು, ಗುತ್ತಿಗೆದಾರರು, ಎಲ್ಲರ ಹೆಸರೂ ಇವೆ, ಕೆಳಗೆ ಒಂದು ತಾರೀಖೂ ಇದೆ. ‘ಸದರಿ ಸ್ಮಾರಕವನ್ನು ಸರ್ಕಾರದ ಅನುದಾನದಲ್ಲಿ ಜೀರ್ಣೋದ್ಧಾರಗೊಳಿಸಲಾಗಿದೆ’ ಎಂದೂ ಇದೆ. ಆ ಸ್ಮಾರಕ ಯಾವುದು ಎಂಬುದೊಂದೇ ಇಲ್ಲ! ಅಯ್ಯೋ ಪುಣ್ಯಾತ್ಮರೇ, ಎದುರಿಗೇ ಇದೆಯಲ್ಲ, ಬರೆಯುವುದೇನು ಎಂದುಕೊಂಡಿರಾ? ಸ್ಮಾರಕ ಹೋಯಿತು, ಕಲ್ಲು ಉಳಿಯಿತು. ಹಿಂದೆ ಬರೀ ಬಯಲು.

ನಮ್ಮಲ್ಲಿ ಕಲ್ಲಿನ ಮೇಲೆ ಹೆಸರು, ತಾರೀಖು ಕೆತ್ತುವುದು ಸತ್ತವರಿಗೆ ಮಾತ್ರ. ಹಾಗಾಗಿ ಹಿಂದಿನವರು ಅದನ್ನು ಗೋರಿಕಲ್ಲು ಎಂದೇ ನಂಬಿದರು. ಇಷ್ಟೆಲ್ಲ ದೊಡ್ಡವರು ಒಂದೇ ದಿನ ಹೇಗೆ ತೀರಿಹೋದರು ಎಂದು ಕೇಳಿದರೆ, ಏನೋ ಜಡ್ಡು ಬಂದಿತ್ತು ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಈಗಲೂ ಆ ದಿನ ನಿಮ್ಮ ಗುತ್ತಿಗೆದಾರರಿಗೆ ಊರೆಲ್ಲ ಸೇರಿ ಎಡೆ ಇಡುತ್ತೇವೆ. ನಗಬೇಡಿ.

ಈಚೆಗೆ ಪಕ್ಕದೂರಲ್ಲಿ ಅವೇ ಹೆಸರುಗಳ ಇನ್ನೊಂದು ಕಲ್ಲು ಸಿಕ್ಕಿತು. ಅದರ ಹಿಂದೆ ಅಗೆದರೆ ಮೆಟ್ಟಿಲು ಬಾವಿ, ಒಳಗೆ ಸಿಹಿನೀರು! ಸರಿ, ನಮ್ಮದೂ ಬಾವಿಯೇ ಎಂದು ಕುಣಿದೆವು. ಅಷ್ಟರಲ್ಲಿ ಆಚೆಯೂರಲ್ಲೂ ಅಂಥದೇ ಕಲ್ಲು ಸಿಕ್ಕಿತು. ಅದರ ಹಿಂದೆ ನಿಜವಾಗಿಯೂ ಗೋರಿಗಳಿದ್ದವು. ನನಗಂತೂ ತಲೆಬುಡ ಅರ್ಥವಾಗುತ್ತಿಲ್ಲ.

ನಮ್ಮಲ್ಲೂ ಅನುದಾನವಿದೆ, ‘ನೆನಪಿನ ಪಾಲು’ ಎನ್ನುತ್ತೇವೆ. ಒಂದು ತಲೆಮಾರಿಗೆ ಊರಿಗೊಮ್ಮೆ ಅಗೆಯುವ ಯಂತ್ರ, ಆಳುಗಳು ಬರುತ್ತಾರೆ. ಊರ ಬಾಯಿ ಬಾವಿ ಎಂದರೆ ಅಗೆಯುತ್ತಾರೆ, ಗೋರಿ ಎಂದರೆ ಬೇಲಿ ಹಾಕಿ ಹೋಗುತ್ತಾರೆ. ನಾಳೆ ನಮ್ಮ ಸರದಿ. ಇಲ್ಲಿ ಕುಡಿಯುವ ನೀರು ಬಂಡಿಯಲ್ಲಿ ಬರಬೇಕು. ಬಂಡಿ ತಪ್ಪಿದ ದಿನ ಮಕ್ಕಳಿಗೆ ಒದ್ದೆ ಬಟ್ಟೆ ಚೀಪಲು ಕೊಡುತ್ತೇವೆ. ಬಾವಿ ಎಂದು ಹೇಳಿಬಿಡಲು ನಾಲಿಗೆ ತುದಿಯಲ್ಲೇ ಇದೆ.

ಆದರೆ ಪಕ್ಕದ ಮನೆಯ ಮೌಲಾಬಿ ಹೋದ ವರ್ಷ ತನ್ನ ಕೂಸನ್ನು ಆ ಕಲ್ಲಿನ ಹಿಂದೆಯೇ ಮಣ್ಣು ಮಾಡಿದ್ದಾಳೆ. “ದೊಡ್ಡವರ ಮಗ್ಗಲದಾಗ ಮಲಗ್ಲಿ ಬಿಡವಾ, ಒಂದs ಇದ್ರ ಅಂಜತೈತಿ” ಎಂದಿದ್ದಳು. ಗುಂಡಿ ತೋಡಿದವಳು ನಾನೇ. ಇಂದು ಸಂಜೆ ಬಂದು ಹೊಸ್ತಿಲಲ್ಲಿ ಕೂತಳು. “ನೀರ ಇದ್ರ ಅಗಸು ನೀಲವ್ವಾ, ಊರ ಮಕ್ಕಳು ಕುಡೀಲಿ. ನೀರ ಇಲ್ಲಂದ್ರ ನನ್ನ ಕೂಸಿನ್ನ ಎಬ್ಬಸಬ್ಯಾಡ” ಎಂದಳು. ಅವಳು ಎದ್ದು ಹೋದ ಮೇಲೆ ಇದನ್ನು ಬರೆಯಲು ಕೂತೆ.

ಇದು ಹಿಂದೋಲೆ, ಹಿಂದಿನ ಕಾಲಕ್ಕೆ ಬಿಡುವ ಓಲೆ. ತಲುಪುತ್ತದೋ ಇಲ್ಲವೋ ಯಾರೂ ಹೇಳಲಾರರು. ತಲುಪಿದರೆ, ಆ ಕಲ್ಲಿನ ಪರದೆ ಸರಿಸುವ ಮೊದಲು ಒಂದೇ ಒಂದು ಪದ ಕೆತ್ತಿಸಿ. ಬಾವಿಯಾದರೆ ಬಾವಿ, ಗೋರಿಯಾದರೆ ಗೋರಿ. ಜಾಗ ಸಾಲದಿದ್ದರೆ ಯಾರದಾದರೂ ಒಂದು ಹೆಸರು ಬಿಡಿ. ಬಾವಿ ಎಂದು ಬರೆದಿದ್ದರೆ ಆ ತಾಯಿ ತನ್ನ ಕೂಸನ್ನು ಅಲ್ಲಿಗೆ ತರುತ್ತಲೇ ಇರಲಿಲ್ಲ.